ಓದುಗರ ಪ್ರಶ್ನೆ: ಚರ್ಚಾ ತರಗತಿ ಕಿವಿಯಿಂದ ಶುರುವಾಗಲಿ

ಪ್ರಶ್ನೆ: ಶನಿವಾರಕ್ಕೊಂದು ತಾಸು ಹೈಸ್ಕೂಲಿನ 24 ಮಕ್ಕಳಿಗೆ ಚರ್ಚಾ ತರಗತಿ ನಡೆಸುತ್ತೇನೆ. ಪರ, ವಿರೋಧ ಎರಡೂ ಕಡೆಯವರು ಬಾಯಿಪಾಠ ಒಪ್ಪಿಸಿ ಕೂತುಬಿಡುತ್ತಾರೆ. ಚರ್ಚೆಯೇ ಆಗುವುದಿಲ್ಲ. – ಶಿಕ್ಷಕಿ, ನಿಡಗುಂದಿ

ಉತ್ತರ: ಮಕ್ಕಳಿಗೆ ಮಾತು ಬರುತ್ತದೆ, ಕೇಳಿಸಿಕೊಳ್ಳುವ ರೂಢಿ ಇಲ್ಲ, ಅಷ್ಟೇ. ಮೊದಲ ನಾಲ್ಕು ಶನಿವಾರ ಭಾಷಣ ಬರೆಸಲೇಬೇಡಿ. ಹಾಳೆಯನ್ನು ಉದ್ದಕ್ಕೆ ಮಡಚಿಸಿ. ಎಡಕ್ಕೆ ಎದುರಿನವರ ಒಂದೊಂದು ವಾದ, ಮೂರ್ನಾಲ್ಕು ಪದಗಳಲ್ಲಿ. ಬಲಕ್ಕೆ ಅದರ ನೇರಕ್ಕೇ ನಮ್ಮ ಉತ್ತರ. ಪೂರ್ತಿ ವಾಕ್ಯ ಬರೆಯಲು ಹೋದವರಿಗೆ ಮುಂದಿನ ವಾದ ಕೈತಪ್ಪುತ್ತದೆ.

ವಿಷಯ ನಿಮ್ಮ ಮಗ್ಗುಲಲ್ಲೇ ಇದೆ: ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಬೇಕೇ? ‘ಏರಿಸಿದರೆ ಒಣ ಹೊಲಕ್ಕೆ ನೀರು ಬರುತ್ತದೆ’ ಎಂದು ಪರದವರು ಅಂದರೆ, ವಿರೋಧದವರು ತಟ್ಟನೆ ‘ಊರು ಮುಳುಗುತ್ತವೆ’ ಅನ್ನುತ್ತಾರೆ. ಅದು ಗಟ್ಟಿ ವಾದವೇ, ಆದರೆ ಖಂಡನೆಯಲ್ಲ. ನೀರಿನ ಮಾತು ಹಾಗೇ ನಿಂತಿದೆ. ‘ನೀರು ನಿಂತರೆ ಸಾಲದು, ಕಾಲುವೆ ಹೊಲ ಮುಟ್ಟಬೇಕು. ಕಾಲುವೆ ಮುಗಿಯುವ ಮೊದಲೇ ಮಟ್ಟ ಏರಿಸಿದರೆ ಯಾರ ಹೊಲ ನೆನೆಯುತ್ತದೆ?’ ಎಂದರೆ ಅದು ಖಂಡನೆ. ಪರದವರು ಇದಕ್ಕೂ ಉತ್ತರ ಹುಡುಕಬೇಕಾಗುತ್ತದೆ. ಚರ್ಚೆ ಹುಟ್ಟುವುದು ಆ ಗಳಿಗೆಯಲ್ಲಿ. ಪ್ರತಿ ಖಂಡನೆಯೂ ‘ಅವರು ಹೀಗೆಂದರು’ ಎಂದೇ ಶುರುವಾಗಲಿ, ಆಗ ಕೇಳದೆ ಮಾತಾಡಲು ಆಗುವುದೇ ಇಲ್ಲ.

ವೇಳೆಯ ಲೆಕ್ಕ: ಕಡೆಗೆ ಮೂವರಂತೆ ಆರು ಜನ, ತಲಾ 2 ನಿಮಿಷ. ಆಮೇಲೆ ಹಾಳೆ ನೋಡಿಕೊಳ್ಳಲು 3 ನಿಮಿಷ, ಕಡೆಗೊಬ್ಬರಿಂದ 2 ನಿಮಿಷದ ಖಂಡನೆ. ಒಂದು ಸುತ್ತಿಗೆ 19 ನಿಮಿಷ ಆಯಿತು. ತಾಸಿಗೆ ಎರಡು ಸುತ್ತು ಕೂಡುತ್ತದೆ, ತಿದ್ದಲು 22 ನಿಮಿಷ ಉಳಿಯುತ್ತದೆ. ಉಳಿದ ಹನ್ನೆರಡು ಮಕ್ಕಳ ಸರದಿ ಮುಂದಿನ ವಾರ. ಅಲ್ಲಿಯವರೆಗೆ ಅವರೂ ಹಾಳೆ ತುಂಬಬೇಕು. ವಿಷಯ ಒಂದು ವಾರ ಮೊದಲೇ ಕೊಡಿ, ಆದರೆ ಯಾರು ಯಾವ ಕಡೆ ಎಂಬುದನ್ನು ಅಂದೇ ನಾಣ್ಯ ಚಿಮ್ಮಿ ಗೊತ್ತುಮಾಡಿ. ಎರಡೂ ಕಡೆ ಓದಿಕೊಂಡು ಬರಲು ಇದಕ್ಕಿಂತ ಒಳ್ಳೆಯ ಒತ್ತಾಯ ಇಲ್ಲ.

ಪ್ರಶ್ನೆ: ಮಗ ಮನೆಯಲ್ಲಿ ಚೆನ್ನಾಗಿ ಹೇಳುತ್ತಾನೆ, ವೇದಿಕೆಯ ಮೇಲೆ ನಡುವೆ ಮರೆತು ನಿಲ್ಲುತ್ತಾನೆ. – ಪಾಲಕರು, ಇಳಕಲ್

ಉತ್ತರ: ಸಾಲು ಸಾಲಾಗಿ ಬಾಯಿಪಾಠ ಮಾಡಿದ ಭಾಷಣ ಸರಪಳಿಯಿದ್ದಂತೆ, ಒಂದು ಕೊಂಡಿ ಕಳಚಿದರೆ ಮುಂದಿನದು ಸಿಗುವುದಿಲ್ಲ. ಮೊದಲ ಎರಡು ವಾಕ್ಯ ಮತ್ತು ಕೊನೆಯದೊಂದು ಮಾತ್ರ ಬಾಯಿಪಾಠ ಇರಲಿ. ನಡುವಿನ ಮೂರು ಅಂಶಕ್ಕೆ ಅಂಗೈಯಗಲದ ಚೀಟಿಯಲ್ಲಿ ಒಂದೊಂದು ಪದ ಸಾಕು. ತಾಲೀಮು ಯಾವಾಗಲೂ ಮೊದಲಿನಿಂದಲೇ ಬೇಡ. ‘ಎರಡನೇ ಅಂಶದಿಂದ ಹೇಳು’ ಎಂದು ನಡುವೆ ಇಳಿಸಿ. ಕನ್ನಡಿಯ ಮುಂದೆ ಬೇಡ, ಎದುರಿಗೆ ಕೇಳುವವರೊಬ್ಬರು ಕೂತಿರಲಿ.

ಪ್ರಶ್ನೆ: ನಮ್ಮ ಮನೆಮಾತು ಮರಾಠಿ. ನನ್ನ ಉಚ್ಚಾರಕ್ಕೆ ಅಂಕ ಹೋಗುತ್ತದೆಯೇ? ‘ಐತಿ’ ಅನ್ನಬಾರದೇ? – ವಿದ್ಯಾರ್ಥಿನಿ, ಚಿಕ್ಕೋಡಿ

ಉತ್ತರ: ‘ಐತಿ’ಯಲ್ಲಿ ಯಾವ ತಪ್ಪೂ ಇಲ್ಲ, ಅದು ನಮ್ಮ ಭಾಗದ ಮಾತು. ಒಂದೇ ಉಸಿರಿನಲ್ಲಿ ‘ಐತಿ’, ‘ಇದೆ’ ಬೆರೆತಾಗ ಮಾತ್ರ ಕಿವಿಗೆ ಚುಚ್ಚುತ್ತದೆ. ಸ್ಪರ್ಧೆಯ ಭಾಷಣಕ್ಕೆ ಒಂದನ್ನು ಆರಿಸಿಕೊಂಡು ಕೊನೆವರೆಗೂ ಅದರಲ್ಲೇ ಹೋಗು. ನೀನು ನಿಗಾ ಇಡಬೇಕಾದ್ದು ಬೇರೆ: ಮರಾಠಿಯಲ್ಲಿ ಎ–ಏ, ಒ–ಓ ಭೇದವಿಲ್ಲ, ಕನ್ನಡದಲ್ಲಿ ಅದರಿಂದ ಅರ್ಥವೇ ಬದಲಾಗುತ್ತದೆ. ಬೆರೆ–ಬೇರೆ, ತೊಡು–ತೋಡು, ಕೊಡು–ಕೋಡು. ದಿನಕ್ಕೆ ಐದು ನಿಮಿಷ ಈ ಜೋಡಿಗಳನ್ನು ಗೆಳತಿಗೆ ಹೇಳು. ಯಾವ ಪದ ಕೇಳಿಸಿತೋ ಅದನ್ನು ಅವಳು ಬರೆಯಲಿ. ಅವಳು ತಪ್ಪು ಬರೆದ ಪದವನ್ನೇ ಮರುದಿನ ಮೊದಲು ಹೇಳು.