ಸರ್ಕಾರ ಕೊಳ್ಳುವ ಔಷಧಿಯ ಲೆಕ್ಕ ಯಾರು ಹಾಕುತ್ತಾರೆ?

ಪ್ರಶ್ನೆ: ಫಾರ್ಮ್.ಡಿ ಮುಗಿಸಿ ಎರಡು ವರ್ಷ ಆಯ್ತು. ದಾವಣಗೆರೆಯ ಖಾಸಗಿ ಆಸ್ಪತ್ರೆಯೊಂದರ ಫಾರ್ಮಸಿಯಲ್ಲಿ ಕೆಲಸ. ನ್ಯೂಜಿಲೆಂಡ್‌ನಲ್ಲಿ ಸರ್ಕಾರದ ದುಡ್ಡಿನಲ್ಲಿ ಯಾವ ಔಷಧಿ ಕೊಡಬೇಕು ಅಂತ ತೀರ್ಮಾನಿಸುವ ಸಂಸ್ಥೆಯಲ್ಲಿ ಫಾರ್ಮಸಿಸ್ಟ್‌ಗಳು ಇದ್ದಾರೆ ಎಂದು ಅಲ್ಲಿರುವ ಸೀನಿಯರ್ ಒಬ್ಬರು ಹೇಳಿದರು. ನಮ್ಮಲ್ಲೂ ಇಂಥ ಕೆಲಸ ಇದೆಯಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಸೀನಿಯರ್ ಹೇಳಿದ್ದು ಫಾರ್ಮ್ಯಾಕ್ ಬಗ್ಗೆ. 1993ರಲ್ಲಿ ಶುರುವಾದ ಸಂಸ್ಥೆ. ಔಷಧಿಗೆಂದು ಇಷ್ಟೇ ಹಣ ಅಂತ ಅದರ ಕೈಗೆ ಬರುತ್ತದೆ. ಯಾವ ಔಷಧಿಗೆ ದುಡ್ಡು ಕೊಡಬೇಕು, ಯಾವುದು ಕಾಯಬೇಕು ಅನ್ನುವುದನ್ನು ಅಷ್ಟರಲ್ಲೇ ತೀರ್ಮಾನಿಸಬೇಕು.

ನಮ್ಮಲ್ಲಿ ಈ ಎಲ್ಲವನ್ನೂ ಮಾಡುವ ಒಂದೇ ಕಚೇರಿ ಇಲ್ಲ. ಆದರೆ ಕೆಲಸ ಖಂಡಿತ ಇದೆ, ನಾಲ್ಕಾರು ಕಡೆ ಹಂಚಿಹೋಗಿದೆ. ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿ ಕೇಂದ್ರದ್ದು. 2022ರ ಪಟ್ಟಿಯಲ್ಲಿ 384 ಔಷಧಿಗಳಿವೆ. ಬೆಲೆಗೆ ಮಿತಿ ಹಾಕುವುದು 1997ರಲ್ಲಿ ಹುಟ್ಟಿದ ಎನ್‌ಪಿಪಿಎ, ಅಂದರೆ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ. ಸರ್ಕಾರಿ ಆಸ್ಪತ್ರೆಗಳಿಗೆ ಔಷಧಿ ಕೊಳ್ಳುವುದು ಹೆಚ್ಚಾಗಿ ರಾಜ್ಯಗಳ ನಿಗಮಗಳು. ತಮಿಳುನಾಡು 1994ರಲ್ಲೇ ಇಂಥ ನಿಗಮ ಕಟ್ಟಿತು. ಪ್ರತಿ ಆಸ್ಪತ್ರೆಗೂ ಬ್ಯಾಂಕಿನ ಹಾಗೆ ಒಂದು ಪಾಸ್‌ಬುಕ್ ಕೊಟ್ಟು, ಅದರಲ್ಲಿರುವ ಮೊತ್ತದಷ್ಟು ಔಷಧಿಯನ್ನು ಉಗ್ರಾಣದಿಂದ ಎತ್ತಿಕೊಳ್ಳುವ ಪದ್ಧತಿ ತಂದಿತು. ನಮ್ಮಲ್ಲಿ ಈ ಹೊಣೆ ಹೊತ್ತಿರುವುದು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ. ಇನ್ನು ಹೊಸ ಚಿಕಿತ್ಸೆಗೆ ಹಾಕುವ ದುಡ್ಡು ತಕ್ಕುದೇ ಎಂದು ಅಳೆಯಲು ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಡಿ 2017ರಲ್ಲಿ ಶುರುವಾದ ಹೆಲ್ತ್ ಟೆಕ್ನಾಲಜಿ ಅಸೆಸ್‌ಮೆಂಟ್ ವ್ಯವಸ್ಥೆ ಇದೆ.

ಹಾಗಾಗಿ ಈ ಕೆಲಸ ಒಂದೇ ಹೆಸರಲ್ಲಿ ಜಾಹೀರಾತಿಗೆ ಬರುವುದಿಲ್ಲ. ಫಾರ್ಮಸಿ ಅಧಿಕಾರಿ, ಉಗ್ರಾಣದ ಫಾರ್ಮಸಿಸ್ಟ್, ಖರೀದಿ ವಿಭಾಗದ ಸಲಹೆಗಾರ, ಬೆಲೆ ನಿಗಾ ಘಟಕದ ಕ್ಷೇತ್ರ ಸಿಬ್ಬಂದಿ, ಹೆಲ್ತ್ ಎಕನಾಮಿಸ್ಟ್, ಹೀಗೆ ಹುಡುಕಬೇಕು. ಫಾರ್ಮಸಿ ಅಧಿಕಾರಿ ಹುದ್ದೆಗೆ ಯಾವ ವಿದ್ಯಾರ್ಹತೆ ಕೇಳಿದ್ದಾರೆ ಎಂಬುದನ್ನು ಅಧಿಸೂಚನೆಯಲ್ಲೇ ನೋಡಿಕೊಳ್ಳಿ. ಫಾರ್ಮ್.ಡಿ ಇದ್ದರೆ ಸಾಕು ಅಂದುಕೊಂಡು ಅರ್ಜಿ ಹಾಕಬೇಡಿ. ಬೆಲೆ ನಿಗಾ ಘಟಕ, ಅಸೆಸ್‌ಮೆಂಟ್ ಕೇಂದ್ರಗಳ ಕೆಲಸ ಬಹುಪಾಲು ಗುತ್ತಿಗೆಯದು. ಇದನ್ನು ಮನೆಯವರಿಗೂ ಮೊದಲೇ ಹೇಳಿಬಿಡಿ.

ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದಿರಿ. ಉಗ್ರಾಣದಿಂದ ಮಾಡಿ ಅನ್ನುತ್ತೇನೆ. ಯಾಕೆ ಅಂದರೆ, ಒಂದು ಲೆಕ್ಕ ನೋಡಿ.

ಒಂದು ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) 300 ಜನ ಶುಗರ್ ರೋಗಿಗಳು ಇದ್ದಾರೆ ಅಂದುಕೊಳ್ಳಿ. ಒಬ್ಬೊಬ್ಬರಿಗೆ ದಿನಕ್ಕೆ ಎರಡು ಮೆಟ್‌ಫಾರ್ಮಿನ್. ತಿಂಗಳಿಗೆ 18,000 ಮಾತ್ರೆ, ವರ್ಷಕ್ಕೆ 2,16,000. ಕಳೆದ ವರ್ಷ ನಾಲ್ಕು ತಿಂಗಳು ಸ್ಟಾಕ್ ಇರಲಿಲ್ಲ. ರಿಜಿಸ್ಟರ್‌ನಲ್ಲಿ ಕಾಣುವುದು ಎಂಟು ತಿಂಗಳ ವಿತರಣೆ, 1,44,000. ಇಂಡೆಂಟ್, ಅಂದರೆ ಬೇಕಾದ ಔಷಧಿಯ ಬೇಡಿಕೆ ಪಟ್ಟಿ, ಬರೆಯುವವರು ಅದಕ್ಕೆ ಹತ್ತು ಪರ್ಸೆಂಟ್ ಸೇರಿಸಿ 1,58,400 ಕೇಳುತ್ತಾರೆ. ಅಷ್ಟೂ ಬಂದರೂ ಒಂಬತ್ತು ತಿಂಗಳಿಗೇ ಸಾಲದು. ಮತ್ತೆ ಸ್ಟಾಕ್ ಖಾಲಿ, ಮತ್ತೆ ಕಡಿಮೆ ವಿತರಣೆ, ಮತ್ತೆ ಕಡಿಮೆ ಇಂಡೆಂಟ್. ಇಲ್ಲಿ ಯಾರೂ ಕದ್ದಿಲ್ಲ, ಯಾರೂ ಸುಳ್ಳು ಬರೆದಿಲ್ಲ. ಆದರೂ ಪ್ರತಿ ವರ್ಷ ಕೊನೆಗೆ ಮುನ್ನೂರು ಜನ ಹೊರಗೆ ಮೆಡಿಕಲ್ ಶಾಪಿನಲ್ಲಿ ಕೈಯಿಂದ ದುಡ್ಡು ಕೊಟ್ಟು ಮಾತ್ರೆ ಕೊಳ್ಳುತ್ತಾರೆ. ಎಂಟು ತಿಂಗಳ ವಿತರಣೆಯನ್ನು ಎಂಟರಿಂದ ಭಾಗಿಸಿ ಹನ್ನೆರಡರಿಂದ ಗುಣಿಸಬೇಕಿತ್ತು, ಅಷ್ಟೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಉಗ್ರಾಣದಲ್ಲಿ ಇದನ್ನೇ ಕಣ್ಣಾರೆ ಕಂಡೆ. ಎಕ್ಸ್‌ಪೈರಿಗೆ ಎರಡು ತಿಂಗಳಿದ್ದ ಕೆಮ್ಮಿನ ಸಿರಪ್ ಪೆಟ್ಟಿಗೆಗಳು ಸೂರಿನವರೆಗೆ. ಪಕ್ಕದಲ್ಲಿ ಬಿಪಿ ಮಾತ್ರೆಯ ರ್‍ಯಾಕ್ ಬರಿದು, ಹೆಸರು ಬರೆದ ಚೀಟಿ ಮಾತ್ರ ಅಂಟಿಕೊಂಡಿತ್ತು. ಆ ಚೀಟಿ ನನಗೆ ಇವತ್ತಿಗೂ ಮರೆತಿಲ್ಲ.

ಈ ಲೆಕ್ಕ ಕೈಗೆ ಹತ್ತಿದರೆ ಖರೀದಿ ವಿಭಾಗದಲ್ಲಿ ನಿಮ್ಮ ಮಾತಿಗೆ ತೂಕ ಬರುತ್ತದೆ. ಕಡಿಮೆ ದರ ಹಾಕಿದವರ ಮಾತ್ರೆಗೆ ಲ್ಯಾಬ್ ವರದಿ ಇದೆಯಾ, ಸ್ಟ್ರಿಪ್ ನಮ್ಮ ಮಳೆಗಾಲದ ತೇವ ತಡೆಯುತ್ತದಾ, ಬ್ಯಾಚ್ ಬರುವಾಗ ಎಷ್ಟು ತಿಂಗಳ ಆಯಸ್ಸು ಉಳಿದಿರುತ್ತದೆ, ಇವನ್ನೆಲ್ಲ ಕೇಳಬೇಕಾದವರು ನೀವೇ ಅಲ್ವಾ?

ಜೊತೆಗೆ, ಐದನೇ ವರ್ಷದಲ್ಲಿ ಓದಿದ ಫಾರ್ಮಕೊಎಕನಾಮಿಕ್ಸ್ ನೋಟ್ಸ್ ಹೊರಗೆ ತೆಗೆಯಿರಿ. ಪರೀಕ್ಷೆಗೆ ಓದಿ ಮರೆತಿರುತ್ತೀರಿ, ಪರವಾಗಿಲ್ಲ. ಅಸೆಸ್‌ಮೆಂಟ್ ಕೇಂದ್ರಗಳಲ್ಲಿ ಕೇಳುವ ಮುಖ್ಯ ಪ್ರಶ್ನೆ ಅದರಲ್ಲೇ ಇದೆ: ಈಗಿನ ಚಿಕಿತ್ಸೆ ಬಿಟ್ಟು ಹೊಸದಕ್ಕೆ ಹೋದರೆ, ರೋಗಿಗೆ ಒಂದು ಆರೋಗ್ಯದ ವರ್ಷ ಜಾಸ್ತಿ ಸಿಗಲು ಎಷ್ಟು ಖರ್ಚಾಗುತ್ತದೆ? ಎಕ್ಸೆಲ್ ಚೆನ್ನಾಗಿ ಬರಲಿ. ಸಾಧ್ಯವಾದರೆ ಹೆಲ್ತ್ ಎಕನಾಮಿಕ್ಸ್ ಅಥವಾ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮಾಡಿ. ನ್ಯೂಜಿಲೆಂಡ್ ಆಸೆ ಇದ್ದರೆ ಅಲ್ಲಿನ ಫಾರ್ಮಸಿ ಕೌನ್ಸಿಲ್ ನೋಂದಣಿಯ ನಿಯಮ ಈಗಲೇ ಓದಿಕೊಳ್ಳಿ. ಆದರೆ ಇಲ್ಲಿ ಎರಡು ಮೂರು ವರ್ಷ ಉಗ್ರಾಣ ನೋಡಿ ಹೋದರೆ ಹೇಳಿಕೊಳ್ಳಲು ನಿಮ್ಮದೇ ಕೆಲಸ ಅಂತ ಒಂದು ಇರುತ್ತದೆ.

ಪ್ರಶ್ನೆ: ಹನ್ನೆರಡು ವರ್ಷದಿಂದ ತಾಲ್ಲೂಕು ಆಸ್ಪತ್ರೆಯಲ್ಲಿ ಫಾರ್ಮಸಿ ಅಧಿಕಾರಿಯಾಗಿದ್ದೇನೆ. ಓದಿದ್ದು ಡಿ.ಫಾರ್ಮಾ. ಇಂಥ ಕೆಲಸ ನಮ್ಮಂಥವರಿಗೆ ಅಲ್ಲ ಅನಿಸುತ್ತದೆ. ಸರಿಯೇ?

ಉತ್ತರ: ಸರಿಯಲ್ಲ, ಮೇಡಂ. ಮೇಲಿನ ಲೆಕ್ಕ ನೀವು ಈಗಾಗಲೇ ಮಾಡುತ್ತಿದ್ದೀರಿ, ಬರೆದಿಡುತ್ತಿಲ್ಲ ಅಷ್ಟೆ. ಸಾಧ್ಯವಿದ್ದರೆ ಬಿ.ಫಾರ್ಮಾ ಲ್ಯಾಟರಲ್ ಎಂಟ್ರಿ ಬಗ್ಗೆ ಇಲಾಖೆಯ ಅನುಮತಿ ಕೇಳಿ. ಜಿಲ್ಲಾ ಔಷಧ ಉಗ್ರಾಣದಲ್ಲಿ ನಿಯೋಜನೆಗೆ ಅವಕಾಶ ಬಂದರೆ ಬಿಡಬೇಡಿ. ಅಲ್ಲಿಯವರೆಗೆ ಹೆಚ್ಚು ಹೋಗುವ ಇಪ್ಪತ್ತು ಔಷಧಿ ಆರಿಸಿಕೊಂಡು, ಪ್ರತಿಯೊಂದೂ ಯಾವ ದಿನ ಖಾಲಿಯಾಯಿತು, ಯಾವ ದಿನ ಬಂತು ಅಂತ ಒಂದು ಹಾಳೆಯಲ್ಲಿ ಬರೆಯುತ್ತಾ ಬನ್ನಿ. ಮುಂದಿನ ಇಂಡೆಂಟ್ ಕಳಿಸುವಾಗ ಆ ಹಾಳೆಯನ್ನೂ ಲಗತ್ತಿಸಿ.