ಮಾತು ಬಾರದವಳು ಸಸಿ ಮಾರಬಲ್ಲಳೇ?

ಪ್ರಶ್ನೆ: ಬಿ.ಎಸ್ಸಿ. (ಕೃಷಿ) ಕೊನೆಯ ವರ್ಷದಲ್ಲಿದ್ದೇನೆ. ಬ್ಯಾಡಗಿ ಕಡೆ ನಮ್ಮದು ಮೂರು ಎಕರೆ ಮೆಣಸಿನಕಾಯಿ ಹೊಲ. ಊರಲ್ಲೇ ಸಸಿಗಳ ನರ್ಸರಿ ಮಾಡುವ ಆಸೆ. ಆದರೆ ಶಿಬಿರವೊಂದರಲ್ಲಿ ವ್ಯಕ್ತಿತ್ವ ಪರೀಕ್ಷೆ ಮಾಡಿ, ‘ನೀನು ಅಂತರ್ಮುಖಿ, ಆತ್ಮವಿಶ್ವಾಸ ಕಡಿಮೆ, ಉದ್ಯಮ ನಿನಗಲ್ಲ’ ಎಂದರು. ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆ ಹಳ್ಳಿಗೆ ಹೋದಾಗ ರೈತರೊಬ್ಬರು “ತಂಗಿ, ಗಿಡಕ್ಕ ಮುಟುರು ಬಂದೈತಿ, ಏನ್ ಹೊಡೀಬೇಕು?” ಅಂದರು. ನಾನು ಎಲೆ ತಿರುಗಿಸಿ ನೋಡುತ್ತ ನಿಂತುಬಿಟ್ಟೆ, ಬಾಯೇ ಬರಲಿಲ್ಲ. ಗೆಳತಿ ಪಟ್ಟನೆ ಔಷಧಿ ಹೆಸರು ಹೇಳಿದಳು. ಅಪ್ಪ ಕೃಷಿ ಅಧಿಕಾರಿ ಪರೀಕ್ಷೆ ಬರೆ ಎನ್ನುತ್ತಾರೆ. ಏನು ಮಾಡಲಿ?
– ಎಸ್., ಹಾವೇರಿ ಜಿಲ್ಲೆ

ಉತ್ತರ: ತಂಗಿ, ಮೊದಲು ಆ ಮೆಣಸಿನ ಗಿಡದ ಹತ್ತಿರವೇ ಹೋಗೋಣ. ಮುಟುರು ಅಂದರೆ ಎಲೆ ಮುದುಡುವುದು. ಎಲೆಯ ಅಂಚು ದೋಣಿಯ ಹಾಗೆ ಮೇಲಕ್ಕೆ ಮುದುಡಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ. ದೋಣಿ ಬೋರಲು ಹಾಕಿದಂತೆ ಕೆಳಕ್ಕೆ ಬಾಗಿದ್ದರೆ ಮೈಟ್ ನುಸಿ. ಎರಡೂ ಸೇರಿರುವುದೂ ಉಂಟು. ಮೈಟ್ ಕೀಟವೇ ಅಲ್ಲ, ಜೇಡದ ಬಳಗ. ಥ್ರಿಪ್ಸ್‌ಗೆ ಹೊಡೆಯುವ ಎಷ್ಟೋ ಔಷಧಿಗೆ ಅದು ಜಗ್ಗುವುದಿಲ್ಲ, ನೀರಿನಲ್ಲಿ ಬೆರೆಯುವ ಗಂಧಕದಂಥದ್ದು ಬೇಕು. ಎಲೆ ನೋಡದೆ ಹೇಳಿದ ಹೆಸರನ್ನು ನಂಬಿ ರೈತ ಅಂಗಡಿಗೆ ಹೋದರೆ ದುಡ್ಡು ದಂಡ, ಗಿಡವೂ ಹೋಯಿತು. ಕೃಷಿ ತಿಳಿವಳಿಕೆಯನ್ನು ರೈತರಿಗೆ ತಲುಪಿಸುವ ‘ವಿಸ್ತರಣಾ ಶಿಕ್ಷಣ’ ಪಾಠ ಮಾಡಿಯೇ ನಿವೃತ್ತಳಾದವಳು ನಾನು. ಅವತ್ತು ಅಂಕ ಹಾಕುವುದಿದ್ದರೆ ಎಲೆ ತಿರುಗಿಸಿದವಳಿಗೇ ಹಾಕುತ್ತಿದ್ದೆ. ಪೂರ್ತಿ ಅಂಕವನ್ನಲ್ಲ! ಕಂಡದ್ದನ್ನು ಬಾಯಿಬಿಟ್ಟು ಹೇಳಬೇಕಿತ್ತು. “ಯಜಮಾನ್ರ, ಎಲಿ ಮ್ಯಾಲಕ್ಕ ಮುದುಡೈತಿ, ಥ್ರಿಪ್ಸ್ ಇದ್ದಂಗ ಕಾಣತೈತಿ. ಔಷಧಿ ಸರ್‌ನ ಕೇಳಿ ನಾಳೆ ಹೇಳ್ತೀನಿ” ಅಂದಿದ್ದರೆ ಆ ಮನುಷ್ಯ ನಿನ್ನನ್ನು ಕಡಿಮೆಯಾಗಿ ನೋಡುತ್ತಿರಲಿಲ್ಲ.

ಇನ್ನು ಆ ಪರೀಕ್ಷೆ. ಅಂತರ್ಮುಖಿ ಎನ್ನುವುದು ಬೇರೆ, ಆತ್ಮವಿಶ್ವಾಸ ಇಲ್ಲ ಎನ್ನುವುದು ಬೇರೆ. ಶಿಬಿರದವರು ಎರಡನ್ನೂ ಒಂದೇ ಗಂಟಿಗೆ ಕಟ್ಟಿಬಿಟ್ಟಿದ್ದಾರೆ. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ಮಂಡಿಸಿದ ವಿಚಾರ ನೋಡು: ‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆ ಆಯಾ ಕೆಲಸಕ್ಕೆ ಸಂಬಂಧಿಸಿದ್ದು. ಕೈಯಾರೆ ಮಾಡಿ ದಡ ಮುಟ್ಟಿಸಿದ್ದೇ ಅದಕ್ಕೆ ಎಲ್ಲಕ್ಕಿಂತ ಗಟ್ಟಿ ಆಧಾರ. ನಮ್ಮಂಥವರೇ ಮಾಡಿದ್ದನ್ನು ಕಣ್ಣಾರೆ ನೋಡುವುದು ಆಮೇಲಿನದು. ಯಾರೋ ಬೆನ್ನು ತಟ್ಟಿ ಹುರಿದುಂಬಿಸುವುದು ಇನ್ನೂ ಆಮೇಲಿನದು. ಶಿಬಿರಗಳಲ್ಲಿ ದಿನವಿಡೀ ಬಡಿಸುವುದು ಈ ಕೊನೆಯದನ್ನೇ, ಅದಕ್ಕೆ ಖರ್ಚಿಲ್ಲವಲ್ಲ.

ಉದ್ಯಮಶೀಲತೆ ಪಾಠದಲ್ಲಿ ಅಮೆರಿಕದ ಮನೋವಿಜ್ಞಾನಿ ಡೇವಿಡ್ ಮೆಕ್‌ಕ್ಲೆಲ್ಯಾಂಡ್ ಹೆಸರು ಐದು ಅಂಕಕ್ಕೆ ಓದಿ ಮರೆತಿರುತ್ತೀ. ಆತ ಗೂಟಕ್ಕೆ ರಿಂಗ್ ಎಸೆಯುವ ಆಟ ಆಡಿಸಿ ನೋಡಿದಾಗ, ಸಾಧನೆಯ ಹಂಬಲ ಇದ್ದವರು ಗೂಟದ ಪಕ್ಕದಲ್ಲೂ ನಿಲ್ಲಲಿಲ್ಲ, ಕಣ್ಣಿಗೆ ನಿಲುಕದಷ್ಟು ದೂರದಿಂದಲೂ ಎಸೆಯಲಿಲ್ಲ. ಗುರಿ ತಪ್ಪಬಹುದು, ಆದರೆ ತಾಗಲೂಬಹುದು ಎಂಬಷ್ಟು ದೂರ ಆರಿಸಿಕೊಂಡರು. ಇದೇ ಮನುಷ್ಯ 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಹೈದರಾಬಾದಿನಲ್ಲಿ ತರಬೇತಿ ಕೊಡಿಸಿದ. ಆಮೇಲೆ ಹೋಗಿ ನೋಡಿದರೆ, ತರಬೇತಿ ಪಡೆಯದವರಿಗಿಂತ ಪಡೆದವರಲ್ಲಿ ಹೊಸ ಕಸುಬಿಗೆ ಕೈಹಾಕಿದವರು ಹೆಚ್ಚಿದ್ದರು. ಹುಟ್ಟಿನಿಂದ ಬಂದದ್ದಷ್ಟೇ ಬಂಡವಾಳವಾಗಿದ್ದರೆ ಹಾಗಾಗುತ್ತಿತ್ತೇ?

ನಿನ್ನ ದೂರ ಎಷ್ಟು, ಲೆಕ್ಕ ಹಾಕು. ಎರಡೂ ಕಡೆ 75 ಸೆಂ.ಮೀ. ಅಂತರದಲ್ಲಿ ನಾಟಿ ಮಾಡಿದರೆ ಎಕರೆಗೆ ಸುಮಾರು 7,200 ಸಸಿ. ಸಸಿ ಎಬ್ಬಿಸುವ ಪ್ಲಾಸ್ಟಿಕ್ ತಟ್ಟೆ, ಅಂದರೆ ಪ್ರೋಟ್ರೇ, 98 ಕುಳಿಯದಾದರೆ 74 ಟ್ರೇ. ಹುಟ್ಟದ ಬೀಜ, ಬುಡ ಕೊಳೆತು ಮಲಗುವ ಸಸಿ ಎಲ್ಲ ಸೇರಿಸಿ 85 ಇಟ್ಟುಕೊ. ಈ ಮುಂಗಾರಿಗೆ ನಿಮ್ಮದೇ ಒಂದು ಎಕರೆಗೆ, ಜೊತೆಗೆ ಬೇರೆಯವರ ಒಂದು ಎಕರೆಗೆ ಸಸಿ ಎಬ್ಬಿಸು. ಪಾಲಿಹೌಸ್ ಬೇಡ, ನೆರಳು ಪರದೆ, ಸುತ್ತ ಕೀಟ ತಡೆಯುವ ಬಲೆ ಸಾಕು. ಕೋಕೋಪಿಟ್ (ತೆಂಗಿನ ನಾರಿನ ಪುಡಿ), ಬೀಜ, ಟ್ರೇ ಎಲ್ಲದರ ಖರ್ಚು ಬರೆದಿಡು. ನೀರು ಹಾಕಿದ ಆಳು ನೀನೇ ಆದರೂ ಕೂಲಿ ಬರೆ. ಕಾಲೇಜಿನಲ್ಲಿ ಕೊನೆಯ ವರ್ಷದವರ ‘ಸ್ಟೂಡೆಂಟ್ ರೆಡಿ’ ಕಾರ್ಯಕ್ರಮದಡಿ, ಮಾಡಿ ಕಲಿಯುವ ಅನುಭವ ಕಲಿಕೆ ಘಟಕ ಆರಿಸುವಾಗ ನರ್ಸರಿ ಇದ್ದರೆ ಬಿಡಬೇಡ. ಟ್ರೇಯಿಂದ ಎತ್ತಿದರೆ ಸಸಿ ಬೇರಿನ ಸಮೇತ ಹೆಂಟೆಯಾಗಿ ಬರಬೇಕು, ಮಣ್ಣು ಉದುರಬಾರದು. ಈ ಹದ ಪುಸ್ತಕದಲ್ಲಿ ಸಿಗದು.

ನಿನ್ನಂಥ ಮೌನಿಗೆ ನಿಜವಾದ ಕಷ್ಟ ಬರುವುದು ಸಸಿ ಬೆಳೆಸುವುದರಲ್ಲಲ್ಲ, ಉದ್ರಿ ವಸೂಲಿಯಲ್ಲಿ. “ಏ ನಮ್ಮ ಹುಡುಗಿ, ಕಾಯಿ ಮಾರಿದ ಮ್ಯಾಲೆ ಕೊಡ್ತೀನಿ” ಎಂದು ಕಾಕಾ ಟ್ರೇ ಎತ್ತಿಕೊಂಡು ಹೋಗುತ್ತಾನೆ. ಕಾಯಿ ಮಾರುಕಟ್ಟೆಗೆ ಹೋಗುವುದು ಜನವರಿಗೆ. ಅದಕ್ಕೇ ಬೀಜ ಹಾಕುವ ಮೊದಲೇ ಅರ್ಧ ಮುಂಗಡ, ಸಸಿ ಎತ್ತುವಾಗ ಉಳಿದರ್ಧ. ಇದನ್ನು ಬಾಯಲ್ಲಿ ಹೇಳಲು ಸಂಕೋಚವಾದರೆ ದೊಡ್ಡ ಅಕ್ಷರದಲ್ಲಿ ಬೋರ್ಡು ಬರೆದು ನೇತುಹಾಕು, ಓದಿಕೊಳ್ಳಲಿ.

ಅಪ್ಪನ ಜೊತೆ ಜಗಳ ಬೇಡ. ಪರೀಕ್ಷೆಗೆ ಓದು, ಅಧಿಸೂಚನೆ ವರ್ಷವರ್ಷ ಬರುವುದಿಲ್ಲ. ಬರುವವರೆಗೆ ಅವರ ಹೊಲದ ಮೂಲೆ ಕೇಳು, ದುಡ್ಡು ಕೇಳಬೇಡ.

ಪ್ರಶ್ನೆ: ಕೃಷಿ ಪದವೀಧರರಾದ ನಾವು ಐವರು ಗೆಳೆಯರು ಅಗ್ರಿ ಕ್ಲಿನಿಕ್ (ರೈತರಿಗೆ ಬೆಳೆ ಸಲಹೆ ಕೊಡುವ ಕೇಂದ್ರ) ತೆರೆಯಬೇಕೆಂದಿದ್ದೇವೆ. ಧೈರ್ಯ ಇದೆ, ದುಡ್ಡಿಲ್ಲ. ಸಬ್ಸಿಡಿ ನಂಬಿ ಸಾಲ ಮಾಡಬಹುದೇ?
– ಎಂ.ಕೆ., ರಾಯಚೂರು ಜಿಲ್ಲೆ

ಉತ್ತರ: ಕೇಂದ್ರದ ಅಗ್ರಿ ಕ್ಲಿನಿಕ್ ಯೋಜನೆ 2002ರದು. ಹೈದರಾಬಾದಿನ ‘ಮ್ಯಾನೇಜ್’ ಎಂಬ ರಾಷ್ಟ್ರೀಯ ಕೃಷಿ ವಿಸ್ತರಣಾ ನಿರ್ವಹಣಾ ಸಂಸ್ಥೆಯ ಉಸ್ತುವಾರಿಯಲ್ಲಿ 45 ದಿನದ ಉಚಿತ ತರಬೇತಿ ಇದೆ. ಸಬ್ಸಿಡಿ ಸಾಮಾನ್ಯವಾಗಿ ಶೇ 36, ಮಹಿಳೆಯರಿಗೆ ಹಾಗೂ ಪರಿಶಿಷ್ಟರಿಗೆ ಶೇ 44. ಆದರೆ ಅದು ನಿಮ್ಮ ಜೇಬಿಗೆ ಬರುವ ನಗದಲ್ಲ. ಬ್ಯಾಂಕಿನಲ್ಲೇ ಇದ್ದು ಕೊನೆಗೆ ಸಾಲಕ್ಕೆ ಜಮೆಯಾಗುವಂಥದ್ದು. ಅಲ್ಲಿಯವರೆಗೆ ಕಂತು ಕಟ್ಟುವವರು ನೀವೇ. ಧೈರ್ಯ ಇದೆ ಎಂದಿರಿ, ಸಂತೋಷ. ಯಾವ ಊರು, ಭತ್ತದ ರೈತರೋ ಹತ್ತಿಯವರೋ, ಈಗ ಅವರು ಯಾವ ಅಂಗಡಿಯಲ್ಲಿ ಉದ್ರಿ ಇಟ್ಟಿದ್ದಾರೆ ಎಂಬುದನ್ನು ಬರೆದಿಲ್ಲ. ಮಳಿಗೆ ಬಾಡಿಗೆ ಹಿಡಿಯುವ ಮೊದಲು ತರಬೇತಿಗೆ ಅರ್ಜಿ ಹಾಕಿ. ಐವರಲ್ಲಿ ದಿನದ ಲೆಕ್ಕ ಬರೆಯುವವರು ಯಾರು ಎಂಬುದನ್ನು ಇವತ್ತೇ ಗೊತ್ತುಮಾಡಿಕೊಳ್ಳಿ.