ಸಂಪಾದಕರ ಉತ್ತರ: ಸರದಿ ಉದ್ದವಾದದ್ದು ಯಾರಿಂದ?

ವಿರಾಜಪೇಟೆ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಅಕ್ಕನ ಸ್ತನ ಕ್ಯಾನ್ಸರ್ ಚಿಕಿತ್ಸೆಗೆಂದು ಬೆಂಗಳೂರಿನ ಖಾಸಗಿ ಆಸ್ಪತ್ರೆಗೆ ಹೋದರೆ ಎಲ್ಲಿ ನೋಡಿದರೂ ಬಾಂಗ್ಲಾದೇಶದವರು, ಇರಾಕಿನವರು. ಸ್ಕ್ಯಾನಿಂಗ್‌ಗೆ ಎರಡು ವಾರ ಕಾಯಿರಿ ಎಂದರು. ಹೊರದೇಶದವರಿಗೆ ಮಿತಿ ಹಾಕಬಾರದೇಕೆ? ಮೊದಲು ನಮ್ಮವರಲ್ಲವೇ?"

ನಿಮ್ಮ ಅಕ್ಕ ಬೇಗ ಗುಣವಾಗಲಿ. ಈ ಕಾಯಿಲೆ ಹೊಕ್ಕ ಮನೆಯಲ್ಲಿ ಎರಡು ವಾರ ಕಳೆಯುವುದೆಂದರೆ ಏನೆಂದು ಬಲ್ಲೆ. ಹೆಚ್ಚು ಹಣ ಕೊಡುವವರನ್ನು ಸರದಿಯಲ್ಲಿ ಮುಂದೆ ಬಿಡುವುದಾದರೆ ಅದು ತಪ್ಪು. ಅಷ್ಟರಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬೇಡಿ.

ಹೊಸೂರು ರಸ್ತೆಯ ವಸತಿಗೃಹವೊಂದರಲ್ಲಿ ಬಾಂಗ್ಲಾದೇಶದ ಸಿಲ್ಹೆಟ್ ಕಡೆಯ ಶಾಲಾ ಮೇಷ್ಟರೊಬ್ಬರನ್ನು ಮಾತನಾಡಿಸಿದ್ದೆ. ಹೆಂಡತಿಗೆ ಗರ್ಭಕೊರಳಿನ ಕ್ಯಾನ್ಸರ್. ಬಯಾಪ್ಸಿಯ ಮೇಣದ ತುಂಡನ್ನು, ಅಂದರೆ ಪರೀಕ್ಷೆಗೆ ತೆಗೆದ ಮಾಂಸದ ಚೂರನ್ನು ಹುದುಗಿಸಿಟ್ಟ ಮೇಣವನ್ನು, ಸಣ್ಣ ಡಬ್ಬಿಯಲ್ಲಿಟ್ಟು, ಅಂಗಿಯ ಒಳಜೇಬಿನಲ್ಲಿ ಗಡಿ ದಾಟಿಸಿ ತಂದಿದ್ದರು. ಪೆಟ್ಟಿಗೆ ಕಳೆದರೂ ಅದು ಕಳೆಯಬಾರದಲ್ಲ! ವಾರಕ್ಕೆ ಐದು ದಿನ, ಹಾಗೆ ಐದಾರು ವಾರ ವಿಕಿರಣ ಚಿಕಿತ್ಸೆ. ಊರಿನ ಗದ್ದೆ ಮಾರಿ ಬಂದವರಿಗೆ ಕೋಣೆಯ ಬಾಡಿಗೆಯೇ ದಿಗಿಲು ಹುಟ್ಟಿಸಿತ್ತು. ಒಂದೇ ಪಾತ್ರೆಯಲ್ಲಿ ಅನ್ನ, ಬೇಳೆ ಬೇಯಿಸಿ ಹೆಂಡತಿಗೆ ತಿನ್ನಿಸುತ್ತಿದ್ದ ಆ ಮನುಷ್ಯನಿಗೆ ಮಿತಿ ಹಾಕಿ ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಇರಾಕಿನ ಕಥೆಯೂ ಅಷ್ಟೆ. ಒಂದು ಕಾಲಕ್ಕೆ ಒಳ್ಳೆಯ ಆಸ್ಪತ್ರೆಗಳಿದ್ದ ದೇಶ ಅದು. 1990ರಿಂದ ದಿಗ್ಬಂಧನ, 2003ರಿಂದ ಯುದ್ಧ. ವೈದ್ಯರು ದೇಶ ಬಿಟ್ಟರು, ರೋಗಿಗಳು ಅವರ ಹಿಂದೆಯೇ ಹೊರಟರು. 2012ರಲ್ಲಿ ನಮ್ಮ ಯುವರಾಜ್ ಸಿಂಗ್ ಅಮೆರಿಕಕ್ಕೆ ಹೋಗಿ ಕಿಮೋಥೆರಪಿ ಮಾಡಿಸಿಕೊಂಡಾಗ ದೇಶವೇ ಹರಸಿತು. ಆ ಹರಕೆಯಲ್ಲಿ ಸಿಲ್ಹೆಟ್ಟಿನ ಮೇಷ್ಟರಿಗೂ ಪಾಲಿರಲಿ.

ಇನ್ನು ಮಿತಿಯ ಮಾತು. 2024ರ ಆಗಸ್ಟ್‌ನಲ್ಲಿ ಢಾಕಾದ ಸರ್ಕಾರ ಉರುಳಿದ ಮೇಲೆ ಭಾರತ ವೀಸಾ ಬಿಗಿ ಮಾಡಿತು. 21 ದಿನಕ್ಕೊಮ್ಮೆ ಕಿಮೋಥೆರಪಿಗೆ ಬರಬೇಕಾದವರು ಏನು ಮಾಡಬೇಕು? 2025ರ ಮಾರ್ಚ್‌ನಲ್ಲಿ ಬಾಂಗ್ಲಾದೇಶದ ರೋಗಿಗಳ ತಂಡವೊಂದು ಚೀನಾದ ಕುನ್ಮಿಂಗ್‌ಗೆ ಹೊರಟಿತು. ಅದರಿಂದ ನಮ್ಮ ಬಡವರ ಸರದಿ ಕಿರಿದಾಯಿತೇ? 1973ರಲ್ಲಿ ಆರಂಭವಾದ ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿ ಸಂಸ್ಥೆಯ ಅಂಗಳದಲ್ಲಿ ಬೆಳಗಿನ ಜಾವ ನಿಂತು ನೋಡಿ. ಚಾಪೆ ಸುತ್ತಿಡುತ್ತಿರುವವರು ರಾಯಚೂರಿನವರು, ಚಾಮರಾಜನಗರದವರು, ಅನಂತಪುರದವರು. ಅವರ ಊರುಗಳ ಹತ್ತಿರ ಆಸ್ಪತ್ರೆ ಕಟ್ಟದಿದ್ದವರು ಢಾಕಾದವರಲ್ಲ.

ಅಷ್ಟು ದೂರವೇಕೆ, ನಿಮ್ಮ ಊರಿನಿಂದಲೇ ಮಾಕುಟ್ಟ ಘಾಟಿ ಇಳಿದು, ಇರಿಟ್ಟಿ ದಾಟಿ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್‌ಗೆ ಹೋಗುವವರಿಲ್ಲವೇ? ಅದು ಕೇರಳದ ಸರ್ಕಾರಿ ಆಸ್ಪತ್ರೆ. ಅಲ್ಲಿ ನಾವು ಹೊರಗಿನವರು. 2020ರ ಮಾರ್ಚ್‌ನಲ್ಲಿ ಕೊರೊನಾ ಭಯಕ್ಕೆ ಮಾಕುಟ್ಟದ ರಸ್ತೆಗೆ ಮಣ್ಣು ಸುರಿದು ಮುಚ್ಚಿದ್ದು ನಮ್ಮ ಕಡೆಯವರೇ. ಅದೇ ದಿನಗಳಲ್ಲಿ, ಹಾಗೆಯೇ ಮುಚ್ಚಿದ್ದ ತಲಪಾಡಿ ಗಡಿ ದಾಟಿ ಮಂಗಳೂರು ಸೇರಲಾಗದೆ ಕಾಸರಗೋಡಿನ ರೋಗಿಗಳು ಪ್ರಾಣ ಬಿಟ್ಟರು. "ಮೊದಲು ನಮ್ಮವರು" ಎಂಬ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಕಣ್ಣಾರೆ ಕಂಡ ಜಿಲ್ಲೆಯವರು ನಾವು.

ಕೋಪ ನನಗೂ ಇದೆ. 2016ರಲ್ಲಿ ಮಡಿಕೇರಿಗೆ ವೈದ್ಯಕೀಯ ಕಾಲೇಜು ಬಂದಿತು, ವಿಕಿರಣ ಚಿಕಿತ್ಸೆಗೆ ಮಾತ್ರ ಜಿಲ್ಲೆ ದಾಟುವುದು ತಪ್ಪಲಿಲ್ಲ. 2019ರಲ್ಲಿ ಕೊಡಗಿಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ನಮ್ಮ ಮಕ್ಕಳು ಜಾಲತಾಣದಲ್ಲಿ ದನಿ ಎತ್ತಿದರು, ನಾಯಕರು ಭರವಸೆ ಕೊಟ್ಟರು. ಕಾಫಿ ತೋಟದ ಲೈನ್‌ಮನೆಯ ಹೆಂಗಸು ಬಾಯಿಯ ಹುಣ್ಣನ್ನು "ಕೊಯ್ಲು ಮುಗಿಯಲಿ" ಎಂದು ಇಂದಿಗೂ ಮುಂದೂಡುತ್ತಾಳೆ. ಬೆಂಗಳೂರಿಗೆ ಹೋದರೆ ಕೂಲಿ ಹೋಗುತ್ತದೆ, ಜೊತೆಗೆ ಬರುವ ಗಂಡನ ಕೂಲಿಯೂ ಹೋಗುತ್ತದೆ.

ನಿಮ್ಮ ಬರವಣಿಗೆಗೆ ಕಸುವಿದೆ, ಅದನ್ನು ವ್ಯರ್ಥ ಮಾಡಬೇಡಿ. ಮುಂದಿನ ಪತ್ರವನ್ನು ಶಾಸಕರಿಗೂ ಆರೋಗ್ಯ ಸಚಿವರಿಗೂ ಬರೆಯಿರಿ. ಮಡಿಕೇರಿಗೆ ವಿಕಿರಣ ಯಂತ್ರ ಯಾವಾಗ, ಅದನ್ನು ನಡೆಸುವ ತಜ್ಞರ ಹುದ್ದೆಗಳ ಮಂಜೂರಾತಿ ಯಾವಾಗ ಎಂದು ಕೇಳಿ. ಪ್ರತಿಯೊಂದನ್ನು ನಮಗೂ ಕಳುಹಿಸಿ, ಒಂದಕ್ಷರ ಬಿಡದೆ ಅಚ್ಚು ಹಾಕುತ್ತೇವೆ.